ಎಂಟುನೂರಕ್ಕೆ ಹತ್ತು ಸಾವಿರ ದಕ್ಷಿಣೆ

ಇಪ್ಪತ್ತು ವರ್ಷ ದಾಟಿದ ಕಾರಿನ ಆರ್‌ಸಿ ಇನ್ನೈದು ವರ್ಷ ನವೀಕರಿಸಬೇಕಾದರೆ ಈಗ 10,000 ರೂಪಾಯಿ. 2022ರ ಏಪ್ರಿಲ್‌ಗೆ ಮೊದಲು 600 ಇತ್ತು. ಆಮೇಲೆ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದವಕ್ಕೆ ಅದರ ಡಬಲ್. ಹಸಿರು ತೆರಿಗೆ ಬೇರೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರಲ್ಲೇ ಕಿತ್ತುಕೊಂಡಿದ್ದಾರೆ. ಹಾಗಾಗಿ ತನಗೊಬ್ಬನಿಗೇ ಅನ್ಯಾಯ ಆಯ್ತು ಅಂತ ಮುದಿ ಕಾರು ಅಳುವಂತಿಲ್ಲ.

ನನ್ನದು ಕಾರ್ಬುರೇಟರ್ ಕಾಲದ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ನಾಲ್ಕೇ ಗೇರು. ಕಿಟಕಿ ಗಾಜು ಇಳಿಸಲು ಕೈಯಿಂದ ತಿರುಗಿಸಬೇಕು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು. ವಿಜಯಪುರದ ಯಾವ ಮೂಲೆಯಲ್ಲಿ ಕೆಟ್ಟು ನಿಂತರೂ ಬಾನೆಟ್ ಎತ್ತಿದರೆ ಸಾಕು. ಚಹಾ ಕುಡಿಯುತ್ತಿದ್ದ ಇಬ್ಬರು ಎದ್ದು ಬಂದು, "ಕಚರಾ ಸಿಕ್ಕೈತ್ರಿ, ಜೆಟ್ ಬಿಚ್ಚಿ ಊದ್ರಿ" ಅನ್ನುತ್ತಾರೆ. ಊದಿದರೆ ಗಾಡಿ ಚಾಲೂ. ಹೊಸ ಕಾರಿನ ಬಾನೆಟ್ ಎತ್ತಿದಾಗ ಅದೇ ಇಬ್ಬರು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಲ್ಯಾಪ್‌ಟಾಪ್ ಬರೋವರೆಗೂ ಯಾರೂ ಮುಟ್ಟುವಂತಿಲ್ಲ.

ಗೆಳೆಯನ ಹೊಸ ಕಾರು ಲೇನ್ ಬಿಟ್ಟರೆ ಸ್ಟೇರಿಂಗನ್ನು ತಾನೇ ಎಳೆಯುತ್ತದೆ. ಹಳ್ಳಿ ಕಡೆ ಒಯ್ದ. ಪಾಪ, ಅದಕ್ಕೆ ಲೇನೇ ಸಿಗಲಿಲ್ಲ. ಎಮ್ಮೆ ಎದುರಾದಾಗ ಮಾತ್ರ ಜೋರಾಗಿ ಕಿರುಚಿತು. ಎಮ್ಮೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಹಳೆಯದನ್ನು ಗುಜರಿಗೆ ಹಾಕುವ ಹುಮ್ಮಸ್ಸು ನಮ್ಮೂರಿಗೇನೂ ಹೊಸದಲ್ಲ. ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, ಅದನ್ನು ಎರಕ ಹೊಯ್ದಿದ್ದು 1549ರಲ್ಲಿ. ತೂಕ ಸುಮಾರು 55 ಟನ್. 1854ರಲ್ಲಿ ಅದನ್ನೂ ಹರಾಜಿಗಿಟ್ಟರು. ಹೋದ ಬೆಲೆ 150 ರೂಪಾಯಿ! ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಈಗಿನವರಾಗಿದ್ದರೆ ಮೊದಲು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಎಲ್ಲಿ ಅಂತ ಕೇಳುತ್ತಿದ್ದರು. ಆ ಪ್ಲೇಟಿನ ಗಡುವು ಎಷ್ಟು ಸಲ ಮುಂದಕ್ಕೆ ಹೋಯಿತು ಅಂತ ನಿಮಗೂ ಗೊತ್ತು. ಬುರುಜಿನ ಮೇಲಿನ ತೋಪಿಗೆ ತೂತು ಕೊರೆದು ಸ್ಕ್ರೂ ಹಾಕೋಕೂ ಆರಾಮಾಗಿ ಟೈಮ್ ಸಿಗುತ್ತಿತ್ತು.

ಇನ್ನು ಪೆಟ್ರೋಲ್. ಶೇ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕಿತ್ತು. 2025ರಲ್ಲೇ ಮುಟ್ಟಿಬಿಟ್ಟೆವು. ಸರ್ಕಾರದ ಕೆಲಸ ಐದು ವರ್ಷ ಮೊದಲೇ ಮುಗಿದರೆ ಚಪ್ಪಾಳೆ ತಟ್ಟಲೇಬೇಕು, ತಟ್ಟಿದೆ. ಹಳೆಯ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಸರ್ಕಾರವೇ ಹೇಳಿದೆ. ಅದೇನು ದೊಡ್ಡ ಖರ್ಚಲ್ಲವಂತೆ. ಮೈಲೇಜೂ ಸ್ವಲ್ಪ ಇಳಿಯುತ್ತದಂತೆ. ಬಂಕಿನ ದರ ಮಾತ್ರ ಇಳಿಯಲಿಲ್ಲ. ಹೋಗಲಿ, ನಮ್ಮ ಭಾಗದ ಕಬ್ಬು ನಮ್ಮದೇ ಟ್ಯಾಂಕಿಗೆ ಬರುತ್ತಿದೆ ಅಂತ ಹೆಮ್ಮೆ ಪಡೋಣ ಅಂದುಕೊಂಡೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲೇ ಕೂತಿದ್ದರು. ಕೊನೆಗೆ ಸಿಕ್ಕ ಮಾತು 3,300. ಬೆಳೆದವನಿಗೂ ಗಿಟ್ಟಲಿಲ್ಲ, ಸುಡುವವನಿಗೂ ಗಿಟ್ಟಲಿಲ್ಲ.

ಕಬ್ಬು ಅಂದಮೇಲೆ ಅದನ್ನು ಹೊತ್ತು ಬರುವ ಟ್ರ್ಯಾಕ್ಟರನ್ನು ಬಿಡೋದು ಹೇಗೆ? ಎರಡೆರಡು ಟ್ರೇಲರ್. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ನಂಬರ್ ಇದ್ದರೂ ಸೋಗೆಯಡಿ ಕಾಣಲ್ಲ. ಹಾಡು ಮಾತ್ರ ಮೂರು ಊರಿಗೆ ಕೇಳುತ್ತದೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ರಾತ್ರಿ ಹೊತ್ತು ಬೈಕಿನ ಹುಡುಗರು ಅದಕ್ಕೆ ಹಿಂದಿನಿಂದ ಗುದ್ದಿ ಸಾಯುತ್ತಾರೆ. ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಮುಂದಿನ ಹಂಗಾಮಿಗೆ ಮತ್ತೆ ನಾಲ್ಕು ಸಾಲು. ಒಂದು ಕೆಂಪು ರೇಡಿಯಂ ಪಟ್ಟಿಗೆ ಎಷ್ಟು ದುಡ್ಡು ಬೇಕು ಹೇಳಿ? ಅದನ್ನು ಅಂಟಿಸದೆ ಗಾಡಿ ಹೊರಡಬಾರದು ಅಂತ ತಡೆಯಲು ಒಬ್ಬರಿಗೂ ಆಗುವುದಿಲ್ಲ. ನನ್ನ ಕಾರಿನ ಹುಟ್ಟಿದ ತಾರೀಖು ಮಾತ್ರ ಎಲ್ಲರಿಗೂ ಬೇಕು. ಹಳೆಯ ಕಾರು ಹೊಗೆ ಜಾಸ್ತಿ ಬಿಡುತ್ತದೆ ಅನ್ನುವುದು ನಿಜ. ಪರೀಕ್ಷೆ ಮಾಡಿ, ಫೇಲಾದರೆ ನಿಲ್ಲಿಸಿ, ನಾನೇ ಬೀಗದ ಕೈ ಕೊಡುತ್ತೇನೆ. ಪಾಸಾದದ್ದಕ್ಕೂ ಹತ್ತು ಸಾವಿರ ಯಾಕೆ? ಆ ದುಡ್ಡಿನಿಂದ ಹೊಗೆ ಕಡಿಮೆಯಾಗುತ್ತಾ? ಕೇಳಿ ಕೇಳಿ ಸಾಕಾಗಿದೆ.

ಕಟ್ಟುತ್ತೇನೆ, ಬಿಡಿ. ಗುಜರಿಯವನು ಈ ಕಾರಿಗೆ ಹೇಳಿದ ಬೆಲೆ ಅದಕ್ಕಿಂತ ಸ್ವಲ್ಪ ಜಾಸ್ತಿ ಇದೆ, ಅಷ್ಟೇ. ರಸೀದಿಗೆ ಲ್ಯಾಮಿನೇಷನ್ ಮಾಡಿಸಿ, ಎಲ್ಲರ ಕಾರಿನಲ್ಲಿ ಟಚ್‌ಸ್ಕ್ರೀನ್ ಇರುತ್ತಲ್ಲ, ಆ ಜಾಗಕ್ಕೆ ಅಂಟಿಸುವ ವಿಚಾರ ಇದೆ.