ಇಲಿ ಕಡಿದದ್ದು ಹಿಂದಿನ ಸ್ಪೀಕರಿನ ವೈರು, ನಿಂತದ್ದು ಅಮ್ಮನ ರೇಡಿಯೋ

ಈಗಷ್ಟೇ ಸರ್ವೀಸ್ ಸೆಂಟರ್‌ನಿಂದ ಬಂದೆ. ತಲೆ ಕಾದಿದೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಮ್ಮನೆ ಹೋಂ ಥಿಯೇಟರ್ ಗೊತ್ತಲ್ಲ? 2013ರ ದೀಪಾವಳಿಗೆ ತಂದಿದ್ದು. ಮನೆಗೆ ಬಂದವರನ್ನೆಲ್ಲ ಸೋಫಾದ ಮಧ್ಯದಲ್ಲೇ ಕೂರಿಸಿ, 'ಹೆಲಿಕಾಪ್ಟರ್ ಹಿಂದಿನಿಂದ ಬಂತಾ, ಬಂತಾ?' ಅಂತ ಪೀಡಿಸ್ತಿದ್ದೆನಲ್ಲ, ಅದೇ. ಡಿವಿಡಿ, ರೇಡಿಯೋ, ಯುಎಸ್‌ಬಿ, ಸೌಂಡ್ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸೋ ಆಂಪ್ಲಿಫೈಯರ್, ಎಲ್ಲ ಒಂದೇ ಡಬ್ಬಿಯೊಳಗೆ. ಅದಕ್ಕೆ ಐದು ಪುಟಾಣಿ ಸ್ಪೀಕರ್, ದಪ್ಪ ದನಿಗೆ ಒಂದು ವೂಫರ್. ಮುಂದುಗಡೆ ದಪ್ಪಕ್ಷರದಲ್ಲಿ 1000 ವಾಟ್ ಅಂತ ಬರೆದಿದೆ. ಬೆನ್ನ ಹಿಂದಿನ ಚೀಟಿಯಲ್ಲಿ, ಕನ್ನಡಕ ಹಾಕ್ಕೊಂಡು ನೋಡಿದರೆ, ಕರೆಂಟ್ ತಗೊಳ್ಳೋದು 140 ವಾಟ್ ಅಂತಿದೆ. ಗೋಡೆಯಿಂದ 140 ತಗೊಂಡು ಮನೆಗೆ 1000 ಕೊಡೋ ಯಂತ್ರ! ಇದನ್ನ ಲಿಂಗನಮಕ್ಕಿ ಪವರ್ ಹೌಸಿನಲ್ಲಿ ಇಡಬೇಕಿತ್ತು, ನಮ್ಮ ಹಾಲ್‌ನಲ್ಲಲ್ಲ.

ಹೋದ ವಾರ ದಿವಾನದ ಹಿಂದೆ ಹಾಯ್ದಿದ್ದ ಒಂದು ವೈರನ್ನ ಇಲಿ ಕಡೀತು. ಎಡಗಡೆ ಹಿಂದಿನ ಸ್ಪೀಕರಿನದು. ಎರಡೂ ತಂತಿ ಒಂದಕ್ಕೊಂದು ತಾಗಿ ಶಾರ್ಟ್ ಆಯ್ತು. ಆದದ್ದು ಇಷ್ಟೇ. ಡಿಸ್‌ಪ್ಲೇ ಮೇಲೆ 'ಪ್ರೊಟೆಕ್ಟ್' ಅಂತ ಬಂದು ಟಕ್ ಅಂತ ಆಫ್. ಆ ವೈರು ತೆಗೆದೆ. ಆನಂತರ ಎಲ್ಲ ವೈರೂ ಕಿತ್ತು ಬರೀ ಡಬ್ಬಿ ಆನ್ ಮಾಡಿದೆ. ಮತ್ತೆ ಪ್ರೊಟೆಕ್ಟ್, ಮತ್ತೆ ಟಕ್. ಯಾರಿಂದ ಯಾರನ್ನ ಕಾಪಾಡ್ತಿದೆಯೋ ಭಗವಂತನಿಗೇ ಗೊತ್ತು.

ಅಮ್ಮ ದಿನಾ ಬೆಳಿಗ್ಗೆ ಅದರಲ್ಲೇ ಭದ್ರಾವತಿ ಆಕಾಶವಾಣಿ ಹಾಕ್ಕೊಂಡು, ಪ್ರದೇಶ ಸಮಾಚಾರ ಕೇಳ್ತಾ ಸೊಪ್ಪು ಬಿಡಿಸೋದು. 'ಇಲಿ ಕಡಿದಿದ್ದು ಹಿಂದಿನ ವೈರು ತಾನೆ? ರೇಡಿಯೋಗೇನಾಗಿದೆಯೋ?' ಅಂದರು. ರೇಡಿಯೋಗೆ ಏನೂ ಆಗಿಲ್ಲಮ್ಮ. ಡಿವಿಡಿಗೂ ಏನೂ ಆಗಿಲ್ಲ. ಉಳಿದ ಸ್ಪೀಕರುಗಳೂ ಗಟ್ಟಿಮುಟ್ಟಾಗಿವೆ. ಆದರೂ ಎಲ್ಲ ಒಟ್ಟಿಗೇ ಹೋದವು. ಎಪ್ಪತ್ತೆಂಟು ವರ್ಷದ ಹೆಂಗಸಿಗೆ ಇದನ್ನ ಹೇಗೆ ಅರ್ಥ ಮಾಡಿಸೋದು ಹೇಳಿ? ಐವತ್ತೆರಡರ ನನಗೇ ಅರ್ಥ ಆಗಿಲ್ಲ.

ಸರ್ವೀಸ್ ಸೆಂಟರ್ ಹುಡುಗ ಡಬ್ಬಿ ಬಿಚ್ಚಲೂ ಇಲ್ಲ. ಮಾಡೆಲ್ ನಂಬರ್ ನೋಡಿದ, ಕಂಪ್ಯೂಟರ್ ನೋಡಿದ, 'ಒಳಗಿನ ಬೋರ್ಡ್ ಬರೋದು ನಿಂತಿದೆ ಸರ್, ಸೌಂಡ್‌ಬಾರ್ ತಗೊಂಡುಬಿಡಿ' ಅಂದ. ಟಿ.ವಿ. ಮುಂದೆ ಇಡೋ ಉದ್ದನೇ ಸ್ಪೀಕರ್ ಅದು. ನೆಗಡಿ ಆಯ್ತು ಅಂತ ಹೋದವನಿಗೆ ಮೂಗು ಕೊಯ್ಸಿ ಅಂದ ಹಾಗೆ. ಹಾಗನ್ನೋದಕ್ಕೆ ಇನ್ನೂರೈವತ್ತು ರೂಪಾಯಿ ಚೆಕಿಂಗ್ ಚಾರ್ಜ್ ಬೇರೆ.

ಬರ್ತಾ ಶಿವಮೊಗ್ಗದ ದುರ್ಗಿಗುಡಿ ಕಡೆ ನಮ್ಮ ಹಳೇ ರಿಪೇರಿಯವರ ಹತ್ರ ಹೋದೆ. ಪುಣ್ಯಾತ್ಮ, ಅವರಾದರೂ ಬಿಚ್ಚಿದರು. ಮೀಟರ್ ಇಟ್ಟು ನೋಡಿ, 'ಔಟ್‌ಪುಟ್ ಐಸಿ ಸುಟ್ಟಿದೆ ಸರ್' ಅಂದರು. ಸ್ಪೀಕರಿಗೆ ಸೌಂಡ್ ಕಳಿಸೋ ಚಿಪ್ ಅದು. ನಾಲ್ಕು ಸ್ಪೀಕರಿಗೆ ಅದೊಂದೇ ಐಸಿಯಂತೆ, ಉಗುರಿನಷ್ಟು ಇದೆ. ಒಂದು ಚಾನೆಲ್, ಅಂದರೆ ಒಂದು ಸ್ಪೀಕರಿನ ಲೈನು, ಹೋದರೂ ಮಿಕ್ಕಿದ್ದಕ್ಕೆ ಹಾನಿ ಆಗದಿರಲಿ ಅಂತ ಪೂರ್ತಿ ಸೆಟ್ಟೇ ಆಫ್ ಆಗೋ ಹಾಗೆ ಮಾಡಿರ್ತಾರಂತೆ. 'ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹುಡುಕಿ. ಸಿಕ್ಕರೂ ಬೇರೆ ಬೋರ್ಡಿಂದ ಕಿತ್ತಿದ್ದು ಸಿಗಬಹುದು, ಗ್ಯಾರಂಟಿ ಕೇಳಬೇಡಿ' ಅಂದರು. ಮೂಗಿಗಿಂತ ಮೂಗುತಿ ಭಾರ ಅಂತ ವಾಪಸ್ ತಂದೆ.

ಸರಿ, ಡಬ್ಬಿ ಹೋಗಲಿ, ಸ್ಪೀಕರಾದರೂ ಉಳೀತಲ್ಲ, ಬೇರೆ ಆಂಪ್ಲಿಫೈಯರಿಗೆ ಹಾಕೋಣ ಅಂದರೆ ಅದಕ್ಕೂ ಕಲ್ಲು ಹಾಕಿಟ್ಟಿದ್ದಾರೆ. ವೈರಿನ ತುದಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಪಿನ್ನು, ಅದು ಆ ಡಬ್ಬಿಗೆ ಬಿಟ್ಟರೆ ಜಗತ್ತಿನಲ್ಲಿ ಇನ್ಯಾವುದಕ್ಕೂ ಕೂರಲ್ಲ. ಪಿನ್ನು ಕತ್ತರಿಸಬಹುದು, ಕತ್ತರಿ ನನ್ನ ಹತ್ರಾನೂ ಇದೆ. ಆದರೆ ಸ್ಪೀಕರಿನ ಹಿಂದೆ 3 ಓಮ್ ಅಂತ ಬರೆದಿದೆ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ. ಮಾಮೂಲಿ ಆಂಪ್ಲಿಫೈಯರುಗಳು ಕೇಳೋದು 6, 8 ಓಮ್. ಇದನ್ನ ಹಾಕಿ ಸೌಂಡ್ ಏರಿಸಿದರೆ ಕರೆಂಟ್ ಜಾಸ್ತಿ ಎಳೆದು ಅದೂ ಕಾಯುತ್ತೆ. ವೂಫರ್ ಕಥೆಯೂ ಅಷ್ಟೇ. ಅಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಸ್ವಂತ ಆಂಪ್ಲಿಫೈಯರೇ ಇಲ್ಲ, ಅನ್ನಕ್ಕೆ ಆ ಡಬ್ಬಿಯ ಕೈ ಕಾಯಬೇಕು. ಈಗ ಬೆಕ್ಕು ಮೇಲೆ ಮಲಗುತ್ತೆ.

ಗೆಳೆಯನೊಬ್ಬನಿಗೆ ಫೋನ್ ಮಾಡಿದರೆ ಅವನದ್ದು ಬೇರೆ ವಾದ. 'ಬಿಡಿಬಿಡಿಯಾಗಿ ತಗೊಂಡಿದ್ದರೆ ಎರಡರಷ್ಟು ದುಡ್ಡು ಆಗ್ತಿತ್ತು. ನಾಲ್ಕು ಡಬ್ಬಿ, ನಾಲ್ಕು ರಿಮೋಟು, ನಿನ್ನ ಹೆಂಡತಿ ಒಪ್ತಿದ್ದರಾ?' ಒಪ್ತಿರಲಿಲ್ಲ. ಒಂದೇ ರಿಮೋಟಿನ ಸುಖ ನಾನೂ ಉಂಡಿದ್ದೀನಿ. ಆದರೆ ಆ ರಿಮೋಟ್ ಈಗ ಯಾವುದನ್ನ ಆನ್ ಮಾಡುತ್ತೆ ಮಾರಾಯ? ಆವತ್ತು ಉಳಿಸಿದ ದುಡ್ಡನ್ನ ಇವತ್ತು ಸೌಂಡ್‌ಬಾರಿಗೆ ಸುರೀಬೇಕಂತೆ. ಅದಾದರೂ ಬೇರೆ ಜಾತಿಯದಾ? ಅದರ ವೈರಿಲ್ಲದ ವೂಫರ್ ತನ್ನ ಬಾರ್ ಬಿಟ್ಟು ಇನ್ನೊಂದರ ಜೊತೆ ಸೇರಲ್ಲ. ಬಾರ್ ಹೋದ ದಿನ ಅದೂ ಬೆಕ್ಕಿನ ಮಂಚ. ಬೆಕ್ಕು ನಮ್ಮನೇಲಿ ಒಂದೇ ಇರೋದು.

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್', ಅಂದರೆ ರಿಪೇರಿ ಮಾಡಿಸ್ಕೊಳ್ಳೋ ಹಕ್ಕು, ಅಂತ ಪೋರ್ಟಲ್ ಮಾಡಿತ್ತು. ನಾನೇ ಇಲ್ಲಿ ಶೇರ್ ಮಾಡಿ ಜೈಕಾರ ಹಾಕಿದ್ದೆ. ಫ್ರಾನ್ಸಿನವರು 2021ರಲ್ಲೇ ಟಿ.ವಿ., ಲ್ಯಾಪ್‌ಟಾಪ್, ಫೋನುಗಳ ಮೇಲೆ ರಿಪೇರಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಅಂಟಿಸಲೇಬೇಕು ಅಂತ ಕಾನೂನು ತಂದರು. ನಮ್ಮ ಡಬ್ಬಿಗೆ ಎಷ್ಟು ಕೊಡ್ತಿದ್ದರೋ. ನಾನಾದರೆ ಸ್ಕ್ರೂ ಬಿಚ್ಚೋಕೆ ಬಂತು ಅಂತ ಒಂದು ಅಂಕ ಕೊಡ್ತೀನಿ.

ಈಗ ಹೇಳ್ಕೊಳ್ಳೋಕೆ ನಾಚಿಕೆ ಆಗೋ ವಿಷಯ. ಅಪ್ಪನ ಸೆಟ್ ನೆನಪಿದೆಯಾ? ಬಸವನಗುಡಿ ಮನೆಗೆ ಬರ್ತಿದ್ದವರಿಗೆ ನೆನಪಿರಲೇಬೇಕು. ಊರಿನವರೇ ಒಬ್ಬರು ಅಸೆಂಬಲ್ ಮಾಡಿಕೊಟ್ಟ ಆಂಪ್ಲಿಫೈಯರ್, ಪಕ್ಕದಲ್ಲಿ ಕ್ಯಾಸೆಟ್ ಹಾಕೋ ಟೇಪ್ ಡೆಕ್, ಆಚಾರಿಯವರಿಂದ ಮಾಡಿಸಿದ ಪೆಟ್ಟಿಗೆಯಲ್ಲಿ ಎಂಟಿಂಚಿನ ಎರಡು ಸ್ಪೀಕರ್. ನಡುವೆ ಕೆಂಪು, ಬಿಳಿ ಪಿನ್ನಿನ ವೈರು. ಡೆಕ್ಕಿನ ಬೆಲ್ಟ್ ಸಡಿಲ ಆಗಿ ಹಾಡು ನಿದ್ದೆಗಣ್ಣಲ್ಲಿ ಎಳೆದ ಹಾಗೆ ಕೇಳಿದರೆ, ಐದು ರೂಪಾಯಿಯ ರಬ್ಬರ್ ಬೆಲ್ಟ್ ತಂದು ಅಪ್ಪನೇ ಹಾಕ್ತಿದ್ದರು. ಡೆಕ್ ಪೂರ್ತಿ ಹೋದಾಗ ಅದೇ ಎರಡು ಪಿನ್ನಿಗೆ ನಾನು ಸಿಡಿ ಪ್ಲೇಯರ್ ಸಿಕ್ಕಿಸಿದೆ. ಆಂಪ್ಲಿಫೈಯರಿಗೆ ಸೂತಕ ತಟ್ಟಲಿಲ್ಲ.

ಅದನ್ನ ಗುಜರಿಗೆ ಹಾಕಿದವನು ನಾನೇ. 2013ರಲ್ಲಿ, ಈ ಡಬ್ಬಿಗೆ ಜಾಗ ಬೇಕು ಅಂತ. ಗುಜರಿಯವನು ಟ್ರಾನ್ಸ್‌ಫಾರ್ಮರ್ ಎತ್ತಿ ಭಾರ ನೋಡಿ ಒಳಗಿನ ತಾಮ್ರ ನೆನೆಸ್ಕೊಂಡು ನಕ್ಕ. ಅಪ್ಪ ಬಾಗಿಲಲ್ಲಿ ನಿಂತಿದ್ದರು. 'ಚೆನ್ನಾಗೇ ಇತ್ತಲ್ಲೋ' ಅಂದರು, ಅಷ್ಟೇ. 'ಈಗೆಲ್ಲ ಒಂದರಲ್ಲೇ ಬರುತ್ತಪ್ಪ' ಅಂದಿದ್ದೆ. ಎಷ್ಟು ಜಾಣ ನೋಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಮ್ಮನಿಗೆ ಸದ್ಯಕ್ಕೆ ನನ್ನ ಹಳೇ ಫೋನಿನಲ್ಲಿ ಎಫ್ಎಂ ಹಾಕಿಕೊಟ್ಟಿದ್ದೀನಿ. ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ ಅಂತಾರೆ.

ಒಂದು ಸಮಾಧಾನ, ಆಚಾರಿಯವರ ಪೆಟ್ಟಿಗೆಗಳನ್ನ ಮಾತ್ರ ಅಮ್ಮ ಆವತ್ತು ಗುಜರಿಗೆ ಕೊಡಲು ಬಿಟ್ಟಿರಲಿಲ್ಲ. ಅಟ್ಟದ ಮೇಲಿದ್ದವು, ಮಧ್ಯಾಹ್ನ ಇಳಿಸಿದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ ತಗೊಂಡು ವೈರಿಗೆ ತಾಗಿಸಿದೆ. ಎರಡೂ ಟಪ್ ಟಪ್ ಅಂದವು, ಸ್ಪೀಕರಿಗೆ ಇನ್ನೂ ಜೀವ ಇದೆ. 8 ಓಮ್, ಯಾವ ಆಂಪ್ಲಿಫೈಯರಿಗಾದರೂ ಆಗುತ್ತೆ.

ಶಿವಮೊಗ್ಗ, ಭದ್ರಾವತಿ ಕಡೆ ಯಾರ ಮನೇಲಾದರೂ ಹಳೇ ಆಂಪ್ಲಿಫೈಯರ್ ಇದ್ದರೆ, ಗುಜರಿಗೆ ಹಾಕೋಕೆ ಮುಂಚೆ ಒಂದು ಮೆಸೇಜ್ ಮಾಡಿ. ನಾನೇ ಬಂದು ತಗೊಂಡು ಹೋಗ್ತೀನಿ. ಅದರ ಜೊತೆಗಿದ್ದ ಟೇಪ್ ಡೆಕ್ ಕೆಟ್ಟಿದ್ದರೂ ಪರವಾಗಿಲ್ಲ, ಅದು ಬೇರೆ ತಾನೆ.