ಜೋಗದ ದಾರಿಯಲ್ಲೇ ಕೆಳದಿಯೂ ಇದೆ

ಇತಿಹಾಸದ ವಿದ್ಯಾರ್ಥಿಗಳು ಜೊತೆಗೆ ಪ್ರವಾಸೋದ್ಯಮವನ್ನೂ ಓದಿದರೆ ಕೆಲಸ ಸಿಗುತ್ತದೆ ಎಂದು ಬರೆದಿದ್ದೀರಿ ಸರ್. ಅರ್ಧ ಒಪ್ಪುತ್ತೇನೆ. ನಾನು ಶಿವಮೊಗ್ಗದಲ್ಲಿ ಎರಡನ್ನೂ ಓದುತ್ತಿದ್ದೇನೆ. ಪ್ರವಾಸೋದ್ಯಮದ ಕ್ಲಾಸಿನಲ್ಲಿ ಪ್ಯಾಕೇಜ್, ಟಿಕೆಟ್, ಹೋಟೆಲ್ ಮಾತೇ ಜಾಸ್ತಿ. ವೀರಗಲ್ಲು, ಅಂದ್ರೆ ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು, ನೋಡೋದು ಹೇಗೆ ಅಂತ ಕಲಿತಿದ್ದು ಶಿವಪ್ಪನಾಯಕ ಅರಮನೆಯ ಮ್ಯೂಸಿಯಂನಲ್ಲಿ. ಸಾಮಾನ್ಯವಾಗಿ ಕಲ್ಲಿನ ಕೆಳಭಾಗದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಊರಿನ ದನ ಬಿಡಿಸಲು ಹೋಗಿ ಸತ್ತವನ ಕಲ್ಲಾದರೆ ದನಗಳನ್ನೂ ಕೆತ್ತಿರುತ್ತಾರೆ. ಇಷ್ಟು ಹೇಳಿದರೆ ಸಾಕು, ಸುಮ್ನೆ ಸೆಲ್ಫಿ ತೆಗೆದು ಹೊರಟವರೂ ನಿಂತು ನೋಡುತ್ತಾರೆ. (ಎಲ್ಲರೂ ಅಲ್ಲ ಬಿಡಿ!)

ಇನ್ನು ನಮ್ಮ ಕಡೆಯ ಟೂರ್ ಪ್ಯಾಕೇಜ್‌ಗಳು. ಸಾಗರದ ಮೇಲೆ ಜೋಗಕ್ಕೆ ಓಡುವ ಗಾಡಿಗಳು ಕೆಳದಿ ನಾಯಕರ ರಾಜಧಾನಿಗಳಾಗಿದ್ದ ಇಕ್ಕೇರಿ, ಕೆಳದಿ ಕಡೆ ತಿರುಗೋದೇ ಅಪರೂಪ. ಕೆಳದಿ ಮ್ಯೂಸಿಯಂನಲ್ಲಿ ತಾಳೆಗರಿ ಗ್ರಂಥಗಳಿವೆ, ಅಲ್ಲಿನ ದೇವಸ್ಥಾನದಲ್ಲಿ ಗಂಡಭೇರುಂಡದ ಕೆತ್ತನೆ ಇದೆ. ಶಿಕಾರಿಪುರದ ಕಡೆ ತಾಳಗುಂದದ ಕಂಬ ಶಾಸನ. ಕಂಚಿಯಲ್ಲಿ ಅವಮಾನವಾಗಿ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಕತ್ತಿ ಹಿಡಿದ ಕಥೆ ಇರೋದು ಅದರಲ್ಲೇ. ಹತ್ತಿರದಲ್ಲೇ ಹಳೆಯ ದೇವಸ್ಥಾನಗಳ ಬಳ್ಳಿಗಾವಿ. ಇಲ್ಲೆಲ್ಲ ವಿವರಿಸಿ ಹೇಳುವವರು ಬೇಕಲ್ವಾ? ಒಂದು ಸೆಮಿಸ್ಟರ್ ನಮ್ಮನ್ನೇ ಅಲ್ಲಿಗೆ ಹಾಕಲಿ, ಪರೀಕ್ಷೆಯ ಬದಲು.