ದಂಡ ಗಾಡಿಗೆ ಬಿತ್ತು, ಓಡಿಸಿದವನಿಗೆ ಏನಾಯ್ತು?

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದ. ಕಾಲೇಜಿಗೆ ಓಡಾಡೋಕೆ ನನ್ನ ಸ್ಕೂಟರ್ ಕೊಟ್ಟಿದ್ದೆ. 2025ರ ಆಗಸ್ಟ್‌ನಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತಲ್ಲ, ಆಗ ಸುಮ್ನೆ ಒಂದು ಸಲ ನೋಡೋಣ ಅಂತ ಗಾಡಿ ನಂಬರ್ ಹಾಕಿದೆ. ಏಳು ಕೇಸು! ನಾಲ್ಕು ಹೆಲ್ಮೆಟ್ ಇಲ್ಲದ್ದು, ಮೂರು ಸಿಗ್ನಲ್ ಜಂಪ್. ಆರ್‌ಸಿಯಲ್ಲಿ ನನ್ನ ಹಳೇ ಮೊಬೈಲ್ ನಂಬರ್ ಇದ್ದದ್ದರಿಂದ ಒಂದು ಮೆಸೇಜೂ ನನಗೆ ಬಂದಿರಲಿಲ್ಲ.

ಒಂದು ಫೋಟೊ ದೊಡ್ಡದು ಮಾಡಿ ನೋಡಿದೆ. ಸಿಗ್ನಲ್ ಕೆಂಪಗಿದೆ. ಹುಡುಗ ಬಿಳಿ ಗೆರೆ ದಾಟಿ ಜಂಕ್ಷನ್ ಮಧ್ಯಕ್ಕೆ ಬಂದುಬಿಟ್ಟಿದ್ದಾನೆ. ಹೆಲ್ಮೆಟ್ ಮೊಣಕೈಗೆ ನೇತಾಡುತ್ತಿದೆ, ನಾನೇ ಕೊಡಿಸಿದ್ದು. ಫೋಟೊದ ಅಂಚಿನಲ್ಲಿ, ಎಡಗಡೆಯಿಂದ ಬರುತ್ತಿರುವ ಬಸ್ಸಿನ ಮೂತಿ ಕಾಣುತ್ತದೆ. ಆ ಬಸ್ಸನ್ನು ನೋಡಿ ನನ್ನ ಕೈ ನಡುಗಿತು.

ಅವನನ್ನು ಕೂರಿಸಿಕೊಂಡು ತೋರಿಸಿದೆ. "ಅಯ್ಯೋ ಮಾಮ, ಅದಕ್ಯಾಕೆ ಟೆನ್ಷನ್ ತಗೋತೀರಾ? ಆಫರ್ ಇದೆಯಲ್ಲ, ಅರ್ಧ ಕಟ್ಟಿದ್ರೆ ಮುಗೀತು" ಅಂದ. ನಿಜವಾಗಿಯೂ ಮುಗಿದೇ ಹೋಯಿತು. 3,500 ರೂಪಾಯಿ ಇದ್ದದ್ದು 1,750 ಆಯಿತು, ಫೋನಿನಲ್ಲೇ ಎರಡು ನಿಮಿಷದ ಕೆಲಸ. ಕಟ್ಟಿದ್ದು ನಾನು. ಅವನ ಡಿಎಲ್ ಮೇಲೆ ಒಂದು ಗೀರೂ ಇಲ್ಲ.

ನನ್ನ ತಕರಾರು ಇರೋದು ಇಲ್ಲೇ. 2022ರ ಕೊನೆಯಿಂದ ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳಲ್ಲಿ ಹೊಸ ಕ್ಯಾಮೆರಾಗಳು ಬಂದಿವೆ, ತಪ್ಪಿಸಿಕೊಳ್ಳೋದು ಕಷ್ಟ, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಹಿಡಿಯೋದು ನಂಬರ್ ಪ್ಲೇಟನ್ನು. ಕೇಸು ಹೋಗಿ ಕೂರೋದು ಗಾಡಿ ಮೇಲೆ. ಓಡಿಸಿದವನು ಯಾರು ಅಂತ ಯಾರೂ ಕೇಳಲ್ಲ. ಹೀಗಿರುವಾಗ ಒಬ್ಬ ಮನುಷ್ಯ ಎಷ್ಟು ಸಲ ಸಿಗ್ನಲ್ ಹಾರಿದ್ದಾನೆ ಅನ್ನೋ ಲೆಕ್ಕ ಎಲ್ಲಿಂದ ಬರಬೇಕು?

ಕಾನೂನೇ ಇಲ್ಲ ಅಂತಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರೋ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಹೆಲ್ಮೆಟ್ ಹಾಕದಿದ್ದರೆ 1,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು ಅಂತಿದೆ. ಅದೇ ತಿಂಗಳು ನಮ್ಮ ರಾಜ್ಯ ದಂಡವನ್ನು 500ಕ್ಕೆ ಇಳಿಸಿತು. ಅಮಾನತಿನ ಮಾತು ಎಷ್ಟು ಜನಕ್ಕೆ ಗೊತ್ತು ಹೇಳಿ? ಸಿಗ್ನಲ್ ಜಂಪ್, ಓವರ್ ಸ್ಪೀಡ್, ಗಾಡಿ ಓಡಿಸುತ್ತಾ ಮೊಬೈಲ್, ಕುಡಿದು ಓಡಿಸೋದು, ಇದಕ್ಕೆಲ್ಲ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ತಡೆಹಿಡಿಯಿರಿ ಅಂತ ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಇನ್ನು ಗಾಡಿ ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು, 1988ರ ಮೂಲ ಕಾಯ್ದೆಯ 133ನೇ ಸೆಕ್ಷನ್‌ನಲ್ಲೇ ಇದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಹೇಳೋಕೆ ಸಂಕಟ ಆಗುತ್ತಿತ್ತು, ಆದರೂ ಹೇಳುತ್ತಿದ್ದೆ.

ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಸ್ಪೀಡ್ ಕ್ಯಾಮೆರಾಗೆ ಸಿಕ್ಕಿಬಿದ್ದರೆ ಮೊದಲು ಬರೋ ಕಾಗದವೇ, ಕಾರು ಓಡಿಸಿದ್ದು ಯಾರು, 28 ದಿನದಲ್ಲಿ ತಿಳಿಸಿ ಅಂತ. ಹೇಳದೆ ಕೂತರೆ ಮಾಲೀಕರ ಲೈಸೆನ್ಸ್‌ಗೇ ಆರು ಪಾಯಿಂಟ್, ಅಂದರೆ ಲೈಸೆನ್ಸ್ ಮೇಲೆ ಬರೆದಿಡೋ ತಪ್ಪಿನ ಅಂಕ. ಸ್ಪೀಡಿಗೆ ಕಡಿಮೆ ಅಂದ್ರೂ 100 ಪೌಂಡ್, ಮೂರು ಪಾಯಿಂಟ್. ಮೂರು ವರ್ಷದೊಳಗೆ ಹನ್ನೆರಡು ಆದರೆ ಸಾಮಾನ್ಯವಾಗಿ ಆರು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ. ಹೊಸದಾಗಿ ಲೈಸೆನ್ಸ್ ತಗೊಂಡವರಿಗೆ ಇನ್ನೂ ಬಿಗಿ, ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್ ಆದರೆ ಲೈಸೆನ್ಸ್ ರದ್ದು, ಮತ್ತೆ ಟೆಸ್ಟ್ ಕೊಡಬೇಕು. "ದುಡ್ಡು ಹೋದ್ರೆ ಹೋಗಲಿ ಅಣ್ಣ, ಪಾಯಿಂಟ್ ಬಿದ್ರೆ ಇನ್ಶೂರೆನ್ಸೂ ಜಾಸ್ತಿ ಆಗುತ್ತೆ" ಅಂತಾಳೆ ಅವಳು.

ಇಲ್ಲಿ 500 ರೂಪಾಯಿ ಅಂದರೆ ಡೆಲಿವರಿ ಹುಡುಗನಿಗೆ ಅರ್ಧ ದಿನದ ದುಡಿಮೆ, ದೊಡ್ಡ ಕಾರಿನವರಿಗೆ ಒಂದು ಕಾಫಿ ತಿಂಡಿ. ಲೈಸೆನ್ಸ್ ಹೋಗೋದಾದರೆ ಇಬ್ಬರಿಗೂ ಹೋಗುತ್ತೆ. ಗಾಡಿಯನ್ನೇ ನಂಬಿ ಬದುಕೋರಿಗೆ ಒಂದೇ ತಪ್ಪಿಗೆ ಮೂರು ತಿಂಗಳು ಅಂದರೆ ಕ್ರೂರ, ಅದಕ್ಕೇ ನಾನು ಪಾಯಿಂಟ್ ಪದ್ಧತಿ ಬೇಕು ಅನ್ನೋದು. ತಿದ್ದಿಕೊಳ್ಳೋಕೆ ಅವಕಾಶ ಇರುತ್ತೆ, ಲೆಕ್ಕವೂ ಇರುತ್ತೆ.

ಇದನ್ನು ಬಿಟ್ಟು ನಾವು ಮಾಡುತ್ತಿರೋದು ಸೇಲ್. 2023ರ ಫೆಬ್ರವರಿಯಲ್ಲಿ ಅರ್ಧ ಬೆಲೆ, 2025ರ ಆಗಸ್ಟ್‌ನಲ್ಲಿ ಮತ್ತೆ, ನವೆಂಬರ್‌ನಲ್ಲಿ ಇನ್ನೊಮ್ಮೆ. ಹಳೇ ಕೇಸು ಗುಡ್ಡೆ ಬಿದ್ದಿದೆ, ವಸೂಲಾಗಲಿ ಅನ್ನೋ ಕಾರಣ ನನಗೂ ಅರ್ಥ ಆಗುತ್ತೆ. ಆದರೆ ಅವತ್ತವತ್ತೇ ಪೂರ್ತಿ ದಂಡ ಕಟ್ಟಿದವನು ಏನು ತಪ್ಪು ಮಾಡಿದ? ಮುಂದಿನ ಆಫರ್‌ವರೆಗೂ ಕಾಯೋಣ ಅಂತ ಇಪ್ಪತ್ತು ವರ್ಷದ ಹುಡುಗನಿಗೆ ಕಲಿಸಿದ್ದು ಯಾರು? ನಾವೇ ಅಲ್ವಾ?

ನಿಮ್ಮ ಗಾಡಿಯನ್ನು ಮಕ್ಕಳು, ತಮ್ಮಂದಿರು ಯಾರಾದರೂ ಓಡಿಸುತ್ತಿದ್ದರೆ ಇವತ್ತೇ ನಂಬರ್ ಹಾಕಿ ನೋಡಿ. ಎಷ್ಟು ದುಡ್ಡು ಅಂತ ಆಮೇಲೆ ನೋಡಿದರಾಯ್ತು, ಮೊದಲು ಫೋಟೊಗಳನ್ನು ಒಂದೊಂದಾಗಿ ತೆಗೆದು ನೋಡಿ. ಸ್ಕೂಟರ್ ಕೀ ನಾನು ವಾಪಸ್ ತಗೊಂಡೆ. ಅವನೀಗ ಬಸ್ಸಿನಲ್ಲಿ ಹೋಗುತ್ತಾನೆ. ಅಕ್ಕ ಹದಿನೈದು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಆ ಬಸ್ಸಿನ ಫೋಟೊ ಅವಳಿಗೂ ಕಳಿಸಿದೆ.